ಐಇಎಲ್‌ಟಿಎಸ್ ರೀಡಿಂಗ್: ಮ್ಯಾಚಿಂಗ್ ಪ್ರಶ್ನೆಗಳಿಗೆ ತಯಾರಿ ಹೇಗೆ? ಕೊಡಗಿನವರು ಯಾರಾದರೂ ಬರೆದಿದ್ದೀರಾ?

ವಿರಾಜಪೇಟೆ_ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಕಡೆಯವಳು, ಸ್ಟಾಫ್ ನರ್ಸ್. ಇಂಗ್ಲೆಂಡ್‌ಗೆ ಹೋಗಬೇಕು ಅಂತ ಓದುತ್ತಿದ್ದೇನೆ. ಐಇಎಲ್‌ಟಿಎಸ್ (ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಅಕಾಡೆಮಿಕ್‌ನಲ್ಲಿ ರೀಡಿಂಗ್‌ಗೆ 7 ಬ್ಯಾಂಡ್, ಅಂದ್ರೆ 7ರ ಮಟ್ಟದ ಅಂಕ ಬೇಕು.

ಖಾಲಿ ಜಾಗ ತುಂಬುವುದು ನನಗೆ ಪರವಾಗಿಲ್ಲ. ಟ್ರೂ, ಫಾಲ್ಸ್, ನಾಟ್ ಗಿವನ್ ಕೂಡ ಹೇಗೋ ಆಗುತ್ತದೆ. ಆದರೆ ಮ್ಯಾಚಿಂಗ್, ಅಂದ್ರೆ ಜೋಡಿಸುವ ಪ್ರಶ್ನೆ ಬಂತು ಅಂದ್ರೆ ಕೈ ನಿಂತುಹೋಗುತ್ತದೆ. ಪ್ಯಾರಾಗಳಿಗೆ ಹೆಡಿಂಗ್ ಕೊಡುವ ಪ್ರಶ್ನೆಯಲ್ಲಿ ಎರಡು ಹೆಡಿಂಗ್ ಒಂದೇ ಥರ ಕಾಣುತ್ತವೆ. ಯಾವ ಪ್ಯಾರಾದಲ್ಲಿ ಯಾವ ಮಾಹಿತಿ ಇದೆ ಅಂತ ಕೇಳುವುದರಲ್ಲಂತೂ ಇಡೀ ಪಾಠ ಮತ್ತೆ ಮತ್ತೆ ಓದಬೇಕಾಗುತ್ತದೆ. ಅಷ್ಟರಲ್ಲಿ ಟೈಮ್ ಮುಗಿದಿರುತ್ತದೆ.

ವಿಡಿಯೋ ನೋಡಿದರೆ ಒಬ್ಬರು ಹೆಡಿಂಗ್ ಮೊದಲು ಓದಿ ಅಂತಾರೆ, ಇನ್ನೊಬ್ಬರು ಪ್ಯಾರಾ ಮೊದಲು ಅಂತಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ್ದು ನಾನು. ನೈಟ್ ಡ್ಯೂಟಿ ಮುಗಿಸಿ ಬಂದು ಓದಬೇಕು, ಹಾಗಾಗಿ ಇರುವ ಸಮಯ ಸರಿಯಾದ ಕಡೆ ಹಾಕಬೇಕು ಅಂತ ಆಸೆ. ಗೊತ್ತಿರುವವರು ದಯವಿಟ್ಟು ಹೇಳಿ.

ಗೋಣಿಕೊಪ್ಪ_ಹುಡುಗ

ಅಕ್ಕ, ನಾನೂ ಅಕಾಡೆಮಿಕ್‌ಗೇ ತಯಾರಿ ಮಾಡುತ್ತಿದ್ದೇನೆ, ಎಂಎಸ್ ಮಾಡೋಕೆ. ನಾನು ಹೆಡಿಂಗ್ ಪಟ್ಟಿಯನ್ನೇ ಮೊದಲು ಓದುತ್ತೇನೆ. ಪ್ರತಿ ಹೆಡಿಂಗ್‌ನಲ್ಲಿ ಮುಖ್ಯ ಪದಕ್ಕೆ ಗೆರೆ ಹಾಕಿ, ಆಮೇಲೆ ಆ ಪದ ಎಲ್ಲಿದೆ ಅಂತ ಪ್ಯಾರಾಗಳಲ್ಲಿ ಹುಡುಕುತ್ತೇನೆ. ಬೇಗ ಆಗುತ್ತದೆ.

ಮಡಿಕೇರಿ_ಮೇಷ್ಟ್ರು

ಗೋಣಿಕೊಪ್ಪದ ತಮ್ಮ, ಬೇಗ ಆಗುತ್ತದೆ ನಿಜ. ಎಷ್ಟು ಸರಿಯಾಗುತ್ತಿದೆ ಅಂತ ಒಮ್ಮೆ ತಾಳೆ ನೋಡು. ಹೆಡಿಂಗ್‌ನಲ್ಲಿರುವ ಪದವೇ ಪ್ಯಾರಾದಲ್ಲೂ ಸಿಕ್ಕಿತು ಅಂದ್ರೆ ಅಲ್ಲಿ ಅನುಮಾನ ಪಡಬೇಕು. ಪ್ರಶ್ನೆ ಬರೆಯುವವರು ತಪ್ಪು ಹೆಡಿಂಗ್‌ಗಳಲ್ಲಿ ಪ್ಯಾರಾದ ಪದಗಳನ್ನೇ ಬೇಕೆಂತಲೇ ಇಡುತ್ತಾರೆ. ಸರಿಯಾದ ಹೆಡಿಂಗ್ ಸಾಮಾನ್ಯವಾಗಿ ಬೇರೆ ಮಾತಿನಲ್ಲಿ ಇರುತ್ತದೆ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು. ಈಗ ಮನೆಯಲ್ಲಿ ಕೆಲವು ಮಕ್ಕಳಿಗೆ ಈ ಪರೀಕ್ಷೆಗೆ ತಯಾರಿ ಮಾಡಿಸುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ವಿಷಯ. ಮ್ಯಾಚಿಂಗ್ ಅನ್ನೋದು ಒಂದೇ ಬಗೆಯ ಪ್ರಶ್ನೆ ಅಲ್ಲ. ಈ ಪರೀಕ್ಷೆಯಲ್ಲಿ ನಾಲ್ಕು ಬಗೆ ಇವೆ, ನಾಲ್ಕೂ ನಾಲ್ಕು ಬೇರೆ ಕೆಲಸ ಕೇಳುತ್ತವೆ. ಹೆಡಿಂಗ್ ಕೊಡುವುದು ಒಂದು. ಯಾವ ಮಾಹಿತಿ ಯಾವ ಪ್ಯಾರಾದಲ್ಲಿದೆ ಅಂತ ಹೇಳುವುದು ಎರಡನೆಯದು. ಹೇಳಿಕೆಗಳನ್ನು ವ್ಯಕ್ತಿಗಳಿಗೋ ಸ್ಥಳಗಳಿಗೋ ಇಸವಿಗಳಿಗೋ ಜೋಡಿಸುವುದು ಮೂರನೆಯದು, ಇದನ್ನು ಫೀಚರ್ಸ್ ಅಂತಾರೆ. ಅರ್ಧ ವಾಕ್ಯ ಕೊಟ್ಟು ಉಳಿದ ಅರ್ಧ ಹುಡುಕಿಸುವುದು ನಾಲ್ಕನೆಯದು. ಎಲ್ಲದಕ್ಕೂ ಒಂದೇ ಉಪಾಯ ಹಿಡಿದರೆ ಎಲ್ಲದರಲ್ಲೂ ಅಂಕ ಹೋಗುತ್ತದೆ. ತಯಾರಿ ಅಂದರೆ ಇವನ್ನು ಬೇರೆ ಬೇರೆಯಾಗಿ ಕಲಿಯುವುದು.

ಹೆಡಿಂಗ್ ವಿಷಯ ಮೊದಲು ಹೇಳುತ್ತೇನೆ, ಯಾಕಂದ್ರೆ ಜಾಸ್ತಿ ಜನ ಬೀಳೋದು ಅಲ್ಲೇ.

ಹೆಡಿಂಗ್ ಅಂದ್ರೆ ಅಡುಗೆಮನೆ ಡಬ್ಬಿಯ ಮೇಲೆ ಅಂಟಿಸುವ ಚೀಟಿ. ಡಬ್ಬಿ ತುಂಬ ಅಕ್ಕಿ ಇದ್ದು, ಹುಳ ಬಾರದಿರಲಿ ಅಂತ ನಾಲ್ಕು ಒಣಮೆಣಸಿನಕಾಯಿ ಹಾಕಿದ್ದರೆ ಚೀಟಿಯ ಮೇಲೆ ಮೆಣಸಿನಕಾಯಿ ಅಂತ ಬರೆಯುತ್ತೇವಾ? ಇಲ್ಲ. ಆದರೆ ಪರೀಕ್ಷೆಯಲ್ಲಿ ಕಣ್ಣಿಗೆ ಹೊಡೆಯುವುದು ಆ ಕೆಂಪು ಮೆಣಸಿನಕಾಯಿಯೇ.

ನನ್ನ ಮಕ್ಕಳಿಗೆ ನಾನೇ ಬರೆದುಕೊಡುವ ಒಂದು ಪ್ಯಾರಾ ಇದೆ, ನಮ್ಮ ಕಾಫಿ ಮೇಲೆ. ಅದರ ಸಾರ ಕನ್ನಡದಲ್ಲಿ ಕೊಡುತ್ತೇನೆ, ನೋಡಿ:

ಮಾರ್ಚ್, ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದು ಕೆಲವು ದಿನಗಳಲ್ಲಿ ಕೊಡಗಿನ ತೋಟಗಳು ಬೆಳ್ಳಗೆ ಹೂ ಬಿಡುತ್ತವೆ. ಪರಿಮಳ ರಸ್ತೆಯವರೆಗೂ ಬರುತ್ತದೆ. ನೋಡಲು ಬಂದವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆದರೆ ಆ ಮಳೆ ಹೇಳಿದ ಹೊತ್ತಿಗೆ ಬರುವುದಿಲ್ಲ. ತಡವಾದರೆ ಮೊಗ್ಗು ಒಣಗುತ್ತದೆ. ಹಾಗಾಗಿ ಅನೇಕ ರೋಬಸ್ಟಾ ಬೆಳೆಗಾರರು ತೋಟದೊಳಗೆ ಕೆರೆ ತೋಡಿ, ಸ್ಪ್ರಿಂಕ್ಲರ್ ಹಾಕಿ ತಾವೇ ನೀರು ಹಾರಿಸುತ್ತಾರೆ.

ಈಗ ಮೂರು ಹೆಡಿಂಗ್. ಒಂದು, ಹೂ ಬಿಟ್ಟ ಕಾಫಿತೋಟದ ಚೆಲುವು. ಎರಡು, ಬೆಟ್ಟದ ಊರುಗಳಲ್ಲಿ ನೀರಿನ ಅಭಾವ. ಮೂರು, ನಂಬಲಾಗದ ಹವಾಮಾನಕ್ಕೆ ರೈತರು ಕಂಡುಕೊಂಡ ದಾರಿ.

ಪ್ಯಾರಾದ ಅರ್ಧದಷ್ಟು ಮಾತು ಹೂವಿನದ್ದೇ. ಆದರೂ ಮೊದಲನೆಯದು ಉತ್ತರ ಅಲ್ಲ. "ಆದರೆ" ಅಂತ ಬಂದ ಮೇಲೆ ಮಾತು ತಿರುಗಿತು, ಹೂವಿನ ಮಾತು ಬರೀ ಪೀಠಿಕೆಯಾಯಿತು. ಕೆರೆ, ನೀರು ಅಂತ ಇದೆ ಅಂತ ಎರಡನೆಯದನ್ನು ಹಾಕುವವರು ಬಹಳ ಮಂದಿ. ಊರಲ್ಲಿ ನೀರಿಲ್ಲ ಅಂತ ಪ್ಯಾರಾ ಎಲ್ಲೂ ಹೇಳಿಲ್ಲ. ಮೂರನೆಯ ಹೆಡಿಂಗ್‌ನಲ್ಲಿ ಕಾಫಿ ಇಲ್ಲ, ಹೂ ಇಲ್ಲ, ಕೆರೆ ಇಲ್ಲ, ಸ್ಪ್ರಿಂಕ್ಲರ್ ಇಲ್ಲ. ಉತ್ತರ ಅದೇ.

ಆದ್ದರಿಂದ ಪ್ಯಾರಾ ಓದಿ, ಪಟ್ಟಿ ನೋಡುವ ಮೊದಲು ನಿಮ್ಮದೇ ಒಂದು ಹೆಡಿಂಗ್ ಕೊಡಿ. ಮೂರು ನಾಲ್ಕು ಪದ ಸಾಕು. ಕನ್ನಡದಲ್ಲೇ ಬರೆಯಿರಿ, ಅದನ್ನು ಯಾರೂ ತಿದ್ದುವುದಿಲ್ಲ. ಮನೆಯಲ್ಲಿ ಕೊಡವ ತಕ್ಕ್ ಆಡುವವರು ಅದರಲ್ಲೇ ಬರೆಯಲಿ. ಈ ಪ್ಯಾರಾಕ್ಕೆ ನನ್ನ ಹುಡುಗಿಯೊಬ್ಬಳು "ಮಳೆ ಕಾಯದೆ ನೀರು" ಅಂತ ಬರೆದಳು. ಅಷ್ಟು ಬರೆದ ಮೇಲೆ ಪಟ್ಟಿಯಲ್ಲಿ ಸರಿಯಾದದ್ದು ತಾನೇ ಎದ್ದು ಕಾಣುತ್ತದೆ.

ಮಿಕ್ಕ ಮೂರು ಬಗೆಯ ಬಗ್ಗೆ ಸಂಜೆ ಬರೆಯುತ್ತೇನೆ. ಇಲ್ಲಿ ಕರೆಂಟ್ ಹೋಗುವ ಹಾಗಿದೆ.

ಗೋಣಿಕೊಪ್ಪ_ಹುಡುಗ

ಸರ್, ಒಪ್ಪುತ್ತೇನೆ. ಆದರೆ ಒಂದು ಮಾತು. 60 ನಿಮಿಷ, 40 ಪ್ರಶ್ನೆ, ಮೂರು ಪಾಠ. ಮೂರೂ ಸೇರಿ 2,150ರಿಂದ 2,750 ಪದ ಇರುತ್ತವೆ. ಪ್ರತಿ ಪ್ಯಾರಾ ಓದಿ, ಯೋಚಿಸಿ, ಹೆಡಿಂಗ್ ಬರೆಯುತ್ತಾ ಕೂತರೆ ಮೂರನೇ ಪಾಠ ಮುಟ್ಟೋಕೇ ಆಗೋದಿಲ್ಲ. ಆ ಭಯಕ್ಕೇ ನಾನು ಪದ ಹುಡುಕುವ ದಾರಿ ಹಿಡಿದಿದ್ದು.

ಸುಂಟಿಕೊಪ್ಪ_ಓದುಗ

ನಾನು ಈ ಪರೀಕ್ಷೆ ಬರೆದು ಮುಗಿಸಿದವನು. ಟೈಮ್ ವಿಷಯಕ್ಕೆ ಹೇಳುತ್ತೇನೆ. ಹೆಡಿಂಗ್ ಪ್ರಶ್ನೆ ಇರುವ ಪಾಠವನ್ನು ಹೇಗೂ ಒಮ್ಮೆ ಪೂರ್ತಿ ಓದಲೇಬೇಕು. ಆ ಓದುವ ಖರ್ಚು ಹೆಡಿಂಗ್‌ಗೆ ಮಾತ್ರ ಅಂತ ಲೆಕ್ಕ ಹಾಕಬೇಡಿ. ಅದೇ ಪಾಠದ ಉಳಿದ ಪ್ರಶ್ನೆಗಳಿಗೂ ಅದು ಉಪಯೋಗಕ್ಕೆ ಬರುತ್ತದೆ. ಹೆಡಿಂಗ್ ಮಾಡಿ ಮುಗಿಸಿದವನಿಗೆ ಯಾವ ಪ್ಯಾರಾದಲ್ಲಿ ಏನಿದೆ ಅನ್ನುವುದು ತಲೆಯಲ್ಲಿರುತ್ತದೆ. ಆಮೇಲಿನ ಪ್ರಶ್ನೆ ಬಂದಾಗ ನೇರ ಆ ಪ್ಯಾರಾಕ್ಕೆ ಹೋಗಬಹುದು.

ಹೆಡಿಂಗ್ ಬರೆಯುವುದು ಅಭ್ಯಾಸದ ಹೊತ್ತಿಗೆ. ಪರೀಕ್ಷೆಯ ಹೊತ್ತಿಗೆ ಅದು ಮನಸ್ಸಿನಲ್ಲೇ ಆಗುತ್ತದೆ, ಬರೆಯಬೇಕಾಗಿಲ್ಲ.

ಮೊದಲನೇ ಪಾಠ ಸಾಮಾನ್ಯವಾಗಿ ಸುಲಭ, ಮೂರನೆಯದು ಗಟ್ಟಿ. ಮೂರಕ್ಕೂ 20 ನಿಮಿಷ ಅಂತ ಸಮ ಹಂಚಬೇಡಿ. ಮೊದಲನೆಯದನ್ನು 16, 17 ನಿಮಿಷದಲ್ಲಿ ಬಿಟ್ಟು ಏಳಿ, ಉಳಿಸಿದ್ದನ್ನು ಮೂರನೆಯದಕ್ಕೆ ಕೊಡಿ.

ವಿರಾಜಪೇಟೆ_ನರ್ಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಪ್ಯಾರಾದಲ್ಲಿ ನಾನೂ ಎರಡನೇ ಹೆಡಿಂಗ್ ಕಡೆಗೇ ಹೋಗಿದ್ದೆ. ಉಳಿದ ಮೂರು ಬಗೆ ಬರೆಯುವುದನ್ನು ಮರೆಯಬೇಡಿ ಸರ್.

ಮಡಿಕೇರಿ_ಮೇಷ್ಟ್ರು

ಕರೆಂಟ್ ಬಂತು. ಮುಂದುವರಿಸುತ್ತೇನೆ.

ಯಾವ ಮಾಹಿತಿ ಯಾವ ಪ್ಯಾರಾದಲ್ಲಿ ಅನ್ನುವ ಪ್ರಶ್ನೆ. ಇದು ಹೆಡಿಂಗ್‌ಗೆ ಪೂರ್ತಿ ಉಲ್ಟಾ. ಅಲ್ಲಿ ಇಡೀ ಪ್ಯಾರಾದ ಸಾರ ಬೇಕು, ಇಲ್ಲಿ ಪ್ಯಾರಾದೊಳಗಿನ ಒಂದು ಸಣ್ಣ ಮಾತು ಸಾಕು. ಅಂದ್ರೆ ಅಲ್ಲಿ ಬಿಟ್ಟ ಮೆಣಸಿನಕಾಯಿಯನ್ನು ಇಲ್ಲಿ ಹುಡುಕಬೇಕು. ಒಂದೇ ಪಾಠಕ್ಕೆ ಹೆಡಿಂಗ್ ಮಾಡುವಾಗ ಪಕ್ಕಕ್ಕಿಟ್ಟ ಮಾತು ಇಲ್ಲಿ ಉತ್ತರ ಆಗಬಹುದು.

ಈ ಬಗೆಯಲ್ಲಿ ಪ್ರಶ್ನೆಗಳು ಪಾಠದ ಸಾಲಿನಲ್ಲಿ ಬರುವುದಿಲ್ಲ. ಮೊದಲ ಪ್ರಶ್ನೆಯ ಉತ್ತರ ಕೊನೆಯ ಪ್ಯಾರಾದಲ್ಲಿರಬಹುದು. ವಿರಾಜಪೇಟೆ ಸಿಸ್ಟರ್‌ಗೆ ಮತ್ತೆ ಮತ್ತೆ ಓದಬೇಕಾಗುತ್ತಿರುವುದು ಇದಕ್ಕೇ. ಆದ್ದರಿಂದ ಇದು ಪಾಠದ ಮೊದಲ ಪ್ರಶ್ನೆಯಾಗಿ ಬಂದರೂ ಕೊನೆಗೆ ಮಾಡಿ. ಬೇರೆ ಪ್ರಶ್ನೆಗಳಿಗೆ ಓದಿ ಓದಿ ಅಷ್ಟರಲ್ಲಿ ಪಾಠ ಪರಿಚಯವಾಗಿರುತ್ತದೆ.

ಪ್ರಶ್ನೆ ಓದುವಾಗ ಏನನ್ನು ಕೇಳುತ್ತಿದ್ದಾರೆ ಅಂತ ನೋಡಿ. "ಒಂದು ಉದಾಹರಣೆ", "ಕಾರಣ", "ಎರಡು ವಿಧಾನಗಳ ಹೋಲಿಕೆ", "ಮುಂದೇನಾಗಬಹುದು ಎಂಬ ಊಹೆ" ಹೀಗೆ ಶುರುವಾಗುತ್ತವೆ. ಊಹೆ ಅಂತ ಕೇಳಿದ್ದರೆ ಪ್ಯಾರಾದಲ್ಲಿ ಮುಂದಿನ ಕಾಲದ ಮಾತು ಇರಲೇಬೇಕು. ಹೋಲಿಕೆ ಕೇಳಿದ್ದರೆ ಎರಡು ವಸ್ತು ಇರಲೇಬೇಕು. ವಿಷಯ ಸರಿಯಿದ್ದರೂ ಈ ಗುಣ ಇಲ್ಲದಿದ್ದರೆ ಆ ಪ್ಯಾರಾ ಉತ್ತರ ಅಲ್ಲ. ಉದಾಹರಣೆಗೆ, ಕಾಂಡಕೊರಕದ ಬಗ್ಗೆ ಎರಡು ಪ್ಯಾರಾ ಇವೆ ಅಂತಿಟ್ಟುಕೊಳ್ಳಿ. ಒಂದು ಪ್ಯಾರಾ, ಆ ಹುಳು ಅರೇಬಿಕಾ ಕಾಫಿ ಗಿಡದ ಕಾಂಡವನ್ನು ಹೇಗೆ ಕೊರೆಯುತ್ತದೆ ಅಂತ ಹೇಳುತ್ತದೆ. ಇನ್ನೊಂದು ನೆರಳು ಕಡಿಮೆಯಾದ ತೋಟದಲ್ಲಿ ಅದರ ಕಾಟ ಯಾಕೆ ಹೆಚ್ಚು ಅಂತ ಹೇಳುತ್ತದೆ. ಪ್ರಶ್ನೆ "ಕೀಟಬಾಧೆ ಹೆಚ್ಚಲು ಕಾರಣ" ಅಂತಿದ್ದರೆ ಎರಡನೆಯದು. ಬೋರರ್ (ಕಾಂಡಕೊರಕ) ಅನ್ನುವ ಪದ ಎರಡರಲ್ಲೂ ಇದೆ, ಅದರಿಂದ ಏನೂ ಸಿಗುವುದಿಲ್ಲ.

ಸೂಚನೆಯನ್ನು ಪೂರ್ತಿ ಓದಿ. "ಯಾವ ಅಕ್ಷರವನ್ನಾದರೂ ಒಂದಕ್ಕಿಂತ ಹೆಚ್ಚು ಬಾರಿ ಬಳಸಬಹುದು" ಅಂತ ಕೆಳಗೆ ಇದ್ದರೆ, ಒಮ್ಮೆ ಬರೆದ ಪ್ಯಾರಾವನ್ನು ಹೊಡೆದು ಹಾಕಬೇಡಿ. ಒಂದು ಪ್ಯಾರಾಕ್ಕೆ ಎರಡು ಪ್ರಶ್ನೆ ಬರಬಹುದು, ಕೆಲವು ಪ್ಯಾರಾಗಳಿಗೆ ಒಂದೂ ಬಾರದಿರಬಹುದು. ಹೆಡಿಂಗ್‌ನಲ್ಲಿ ಹಾಗಲ್ಲ. ಅಲ್ಲಿ ಒಂದು ಹೆಡಿಂಗ್ ಒಂದೇ ಪ್ಯಾರಾಕ್ಕೆ, ಪಟ್ಟಿಯಲ್ಲಿ ಹೆಡಿಂಗ್‌ಗಳು ಪ್ಯಾರಾಗಳಿಗಿಂತ ಜಾಸ್ತಿ ಇರುತ್ತವೆ.

ವ್ಯಕ್ತಿಗಳಿಗೆ ಹೇಳಿಕೆ ಜೋಡಿಸುವುದು ನನ್ನ ಪ್ರಕಾರ ನಾಲ್ಕರಲ್ಲಿ ಸುಲಭ. ಹೆಸರುಗಳು ದೊಡ್ಡ ಅಕ್ಷರದಲ್ಲಿ ಶುರುವಾಗುತ್ತವೆ, ಕಣ್ಣಾಡಿಸಿದರೆ ಸಿಗುತ್ತವೆ. ಮೊದಲು ಎಲ್ಲ ಹೆಸರುಗಳಿಗೆ ಗುರುತು ಹಾಕಿ. ಒಬ್ಬರ ಹೆಸರು ಎರಡು ಮೂರು ಕಡೆ ಬಂದರೆ ಎಲ್ಲ ಕಡೆ ಹಾಕಿ. ಆಮೇಲೆ ಪ್ರತಿ ಹೆಸರಿನ ಸುತ್ತ ಓದಿ, ಅವರ ಅಭಿಪ್ರಾಯ ಏನು ಅಂತ ತಿಳಿದು, ಹೇಳಿಕೆಗಳ ಕಡೆ ಬನ್ನಿ. ಒಂದೇ ಎಚ್ಚರಿಕೆ. ಒಬ್ಬ ವಿಜ್ಞಾನಿ ಇನ್ನೊಬ್ಬರ ಮಾತನ್ನು ಖಂಡಿಸುತ್ತಿದ್ದರೆ, ಆ ಮಾತು ಯಾರದ್ದು ಅಂತ ಸರಿಯಾಗಿ ನೋಡಬೇಕು. ಹೆಸರು ಹತ್ತಿರ ಇದೆ ಅಂತ ಅಭಿಪ್ರಾಯ ಅವರದ್ದೇ ಆಗಬೇಕಿಲ್ಲ.

ಅರ್ಧ ವಾಕ್ಯ ಸೇರಿಸುವ ಪ್ರಶ್ನೆ ಪಾಠದ ಸಾಲಿನಲ್ಲೇ ಬರುತ್ತದೆ, ಅದೊಂದು ಅನುಕೂಲ. ವ್ಯಾಕರಣ ನೋಡಿ ಸೇರಿಸಿ ಅಂತ ಕೆಲವರು ಹೇಳುತ್ತಾರೆ. ಜಾಸ್ತಿ ಸಲ ಎಲ್ಲ ತುದಿಗಳೂ ವ್ಯಾಕರಣಕ್ಕೆ ಹೊಂದುತ್ತವೆ, ಅದನ್ನೇ ನಂಬಬೇಡಿ. ವಾಕ್ಯದ ಮೊದಲರ್ಧ ಹಿಡಿದು ಪಾಠದಲ್ಲಿ ಜಾಗ ಹುಡುಕಿ, ಅಲ್ಲಿ ಓದಿ, ಆಮೇಲೆ ತುದಿಗಳ ಪಟ್ಟಿ ನೋಡಿ. ಪಟ್ಟಿಯನ್ನು ಮೊದಲು ಓದಿದರೆ ಪಾಠದಲ್ಲಿ ಇಲ್ಲದ ವಿಷಯಗಳೆಲ್ಲ ತಲೆಗೆ ಹೋಗುತ್ತವೆ.

ಕುಶಾಲನಗರ_ತಾಯಿ

ಮೇಷ್ಟ್ರೇ ನಮಸ್ಕಾರ. ನನ್ನ ಮಗ ಐಇಎಲ್‌ಟಿಎಸ್‌ನ ಇನ್ನೊಂದು ಬಗೆಯಾದ ಜನರಲ್ ಟ್ರೈನಿಂಗ್ ಬರೆಯುತ್ತಿದ್ದಾನೆ, ಕೆನಡಾಕ್ಕೆ ಕೆಲಸದ ಮೇಲೆ ಹೋಗಲು. ಅವನಿಗೂ ಇದೇ ಉಪಾಯ ಆಗುತ್ತಾ? ಅವನ ಪುಸ್ತಕದಲ್ಲಿ ಜಾಹೀರಾತು, ನೋಟೀಸು ಇವೆ, ಉದ್ದ ಪಾಠ ಕಡಿಮೆ.

ಸುಂಟಿಕೊಪ್ಪ_ಓದುಗ

ಅಕ್ಕ, ನಾನು ಬರೆದದ್ದು ಜನರಲ್. ಸಮಯ, ಪ್ರಶ್ನೆಗಳ ಲೆಕ್ಕ ಎರಡಕ್ಕೂ ಒಂದೇ. ಓದುವ ಸಾಮಗ್ರಿ ಬೇರೆ. ಮೊದಲ ಭಾಗದಲ್ಲಿ ದಿನಬಳಕೆಯ ಎರಡು ಮೂರು ಚಿಕ್ಕ ಪಾಠ. ಹೋಟೆಲ್ ಜಾಹೀರಾತು, ಬಸ್ ವೇಳಾಪಟ್ಟಿ ಥರ. ಎರಡನೇ ಭಾಗದಲ್ಲಿ ಕೆಲಸಕ್ಕೆ ಸಂಬಂಧಪಟ್ಟ ಎರಡು. ಮೂರನೆಯದರಲ್ಲಿ ಒಂದು ಉದ್ದ ಪಾಠ. ಹೆಡಿಂಗ್ ಪ್ರಶ್ನೆಗೆ ಮೇಷ್ಟ್ರು ಹೇಳಿದ ಹಾಗೇ ಮಾಡಲಿ.

ಮೊದಲ ಭಾಗದಲ್ಲಿ ಮಾತ್ರ ರೀತಿ ಬೇರೆ. ಐದಾರು ಜಾಹೀರಾತು ಕೊಟ್ಟು "ಯಾವುದರಲ್ಲಿ ಮಕ್ಕಳಿಗೆ ರಿಯಾಯಿತಿ ಇದೆ" ಅಂತ ಕೇಳುತ್ತಾರೆ. ಅಲ್ಲಿ ಪ್ರಶ್ನೆ ಮೊದಲು ಓದಿ ಹುಡುಕುವುದೇ ಸರಿ. ಆದರೆ ಷರತ್ತು ನೋಡಬೇಕು. ಮಕ್ಕಳು ಅಂತ ಮೂರು ಜಾಹೀರಾತಿನಲ್ಲಿ ಇರುತ್ತದೆ. ಒಂದರಲ್ಲಿ ಮಕ್ಕಳಿಗೆ ಪ್ರವೇಶ ಇಲ್ಲ, ಒಂದರಲ್ಲಿ ಮಕ್ಕಳಿಗೆ ಆಟದ ಜಾಗ ಇದೆ, ಒಂದರಲ್ಲಿ ಹನ್ನೆರಡು ವರ್ಷದೊಳಗಿನವರಿಗೆ ಅರ್ಧ ದರ. ಮೂರನೆಯದರಲ್ಲಿ ರಿಯಾಯಿತಿ ಅನ್ನುವ ಪದವೇ ಇರುವುದಿಲ್ಲ.

ಇನ್ನೊಂದು ಗೊತ್ತಿರಲಿ. ಜನರಲ್ ಸುಲಭ ಅಂತ ಎಲ್ಲರೂ ಹೇಳುತ್ತಾರೆ, ಪಾಠ ಸುಲಭ ನಿಜ. ಆದರೆ ಅಂಕ ಜಾಸ್ತಿ ಬೇಕು. ಅಕಾಡೆಮಿಕ್‌ನಲ್ಲಿ 40ಕ್ಕೆ ಸುಮಾರು 30 ಸರಿಯಾದರೆ 7 ಬ್ಯಾಂಡ್. ಜನರಲ್‌ನಲ್ಲಿ ಅದಕ್ಕೆ ಸುಮಾರು 34 ಬೇಕು. ಪತ್ರಿಕೆಯಿಂದ ಪತ್ರಿಕೆಗೆ ಸ್ವಲ್ಪ ಆಚೀಚೆ ಆಗುತ್ತದೆ. ಹಾಗಾಗಿ ಮಗನಿಗೆ ಮೊದಲ ಭಾಗದಲ್ಲಿ ಒಂದೂ ಬಿಡಬೇಡ ಅಂತ ಹೇಳಿ.

ಕುಶಾಲನಗರ_ತಾಯಿ

ಇದು ನಮಗೆ ಗೊತ್ತೇ ಇರಲಿಲ್ಲ. ಅವನು 30 ಬಂದರೆ ಸಾಕು ಅಂತ ಕೂತಿದ್ದ. ತುಂಬಾ ಉಪಕಾರ ಆಯಿತು ಅಣ್ಣ.

ನಾಪೋಕ್ಲು_ಸಿಸ್ಟರ್

ವಿರಾಜಪೇಟೆ ಸಿಸ್ಟರ್, ನಾನೂ ನರ್ಸ್. ನೀವು ಓಇಟಿ (ಆಸ್ಪತ್ರೆ ಕೆಲಸದವರಿಗಾಗಿ ಇರುವ ಇಂಗ್ಲಿಷ್ ಪರೀಕ್ಷೆ) ಯೋಚನೆ ಮಾಡಿದ್ದೀರಾ? ಇಂಗ್ಲೆಂಡ್‌ನ ನರ್ಸಿಂಗ್ ಕೌನ್ಸಿಲ್ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್ ಆದರೆ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್‌ನಲ್ಲಿ 7, ರೈಟಿಂಗ್‌ನಲ್ಲಿ 6.5. ಓಇಟಿ ಆದರೆ ಆ ಮೂರರಲ್ಲಿ ಬಿ ಗ್ರೇಡ್, ರೈಟಿಂಗ್‌ನಲ್ಲಿ ಸಿ ಪ್ಲಸ್. ಅರ್ಜಿ ಹಾಕುವ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

ಓಇಟಿಯಲ್ಲೂ ಮ್ಯಾಚಿಂಗ್ ಇದೆ, ತಪ್ಪಿಸಿಕೊಳ್ಳೋಕೆ ಆಗೋದಿಲ್ಲ. ರೀಡಿಂಗ್‌ನ ಎ ಭಾಗದಲ್ಲಿ ನಾಲ್ಕು ಚಿಕ್ಕ ಪಾಠ, 20 ಪ್ರಶ್ನೆ, 15 ನಿಮಿಷ. 15 ನಿಮಿಷ ಆಯಿತು ಅಂದ್ರೆ ಆ ಭಾಗ ಅಲ್ಲಿಗೆ ಮುಗಿಯಿತು, ಮತ್ತೆ ಅದಕ್ಕೆ ಹೋಗುವ ಹಾಗಿಲ್ಲ. ಮೊದಲ ಪ್ರಶ್ನೆಗಳು "ಈ ಮಾಹಿತಿ ಯಾವ ಪಾಠದಲ್ಲಿ" ಅನ್ನುವಂಥವು. ಆದರೆ ಪಾಠಗಳು ನಮ್ಮ ಕೆಲಸದ್ದೇ. ಒಂದು ಡೋಸ್ ಚಾರ್ಟ್, ಒಂದು ಚಿಕಿತ್ಸೆಯ ಫ್ಲೋ ಚಾರ್ಟ್, ಒಂದು ರೋಗಲಕ್ಷಣದ ವಿವರಣೆ, ಹೀಗೆ. ನಾನು ಮಾಡುತ್ತಿದ್ದದ್ದು ಇಷ್ಟೇ. ಪ್ರಶ್ನೆ ನೋಡುವ ಮುಂಚೆ ನಾಲ್ಕೂ ಪಾಠದ ತಲೆಬರಹ, ಟೇಬಲ್‌ನ ಕಾಲಂ ಹೆಸರು, ದಪ್ಪ ಅಕ್ಷರ ಇಷ್ಟನ್ನು ನೋಡಿ ಮುಗಿಸುವುದು. ಡೋಸ್ ಯಾವುದರಲ್ಲಿದೆ, ಯಾರಿಗೆ ಕೊಡಬಾರದು ಅನ್ನುವುದು ಯಾವುದರಲ್ಲಿದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ವಾರ್ಡ್‌ನಲ್ಲಿ ಕೇಸ್ ಶೀಟ್ ತಿರುವಿ ಹಾಕಿದ ಅಭ್ಯಾಸ ಇರುವವರಿಗೆ ಇದು ಹೊಸದಲ್ಲ.

ಯಾವುದು ಬರೆಯಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಓಇಟಿ ಫೀಸು ಜಾಸ್ತಿ. ಎರಡಕ್ಕೂ ಒಂದೊಂದು ಮಾದರಿ ಪತ್ರಿಕೆ ಸಮಯ ಇಟ್ಟು ಮಾಡಿ ನೋಡಿ, ಆಮೇಲೆ ನಿರ್ಧರಿಸಿ.

ವಿರಾಜಪೇಟೆ_ನರ್ಸ್

ಸಿಸ್ಟರ್, ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಮಾದರಿ ಪತ್ರಿಕೆ ಮಾಡಿ ನೋಡುತ್ತೇನೆ. ಸದ್ಯಕ್ಕೆ ಐಇಎಲ್‌ಟಿಎಸ್ ಓದು ಬಿಡುವುದಿಲ್ಲ.

ಮೇಷ್ಟ್ರೇ, ಒಂದು ಸಂಶಯ. ಅಭ್ಯಾಸಕ್ಕೆ ಏನು ಬಳಸಬೇಕು? ಫೋನಿನಲ್ಲಿ ಸಿಗುವ ಆ್ಯಪ್‌ಗಳಲ್ಲಿ ಎಷ್ಟೋ ಪ್ರಶ್ನೆ ಇವೆ. ಆದರೆ ಮಳೆಗಾಲ ಶುರುವಾದರೆ ನಮ್ಮ ಕಡೆ ನೆಟ್ ಇರುವುದಿಲ್ಲ, ಕರೆಂಟೂ ಇರುವುದಿಲ್ಲ.

ಮಡಿಕೇರಿ_ಮೇಷ್ಟ್ರು

ಹೆಡಿಂಗ್ ಪ್ರಶ್ನೆ ಬರೆಯುವುದು ಕಷ್ಟದ ಕೆಲಸ ತಾಯಿ. ಹತ್ತಿರ ಹತ್ತಿರ ಕಾಣುವ, ಆದರೆ ಖಂಡಿತ ತಪ್ಪಾದ ಹೆಡಿಂಗ್ ಮಾಡಬೇಕು. ಪುಕ್ಕಟೆ ಆ್ಯಪ್‌ಗಳಲ್ಲಿ ಒಂದೋ ಪದ ನೋಡಿ ಹೇಳಿಬಿಡಬಹುದಾದ ಪ್ರಶ್ನೆ ಇರುತ್ತದೆ, ಇಲ್ಲಾ ಎರಡು ಉತ್ತರ ಸರಿಯಾಗುವ ಪ್ರಶ್ನೆ ಇರುತ್ತದೆ. ಅಂಥದ್ದರಲ್ಲಿ ಅಭ್ಯಾಸ ಮಾಡಿದರೆ ಕೆಟ್ಟ ಅಭ್ಯಾಸವೇ ಗಟ್ಟಿಯಾಗುತ್ತದೆ. ಈ ಪರೀಕ್ಷೆ ನಡೆಸುವುದು ಬ್ರಿಟಿಷ್ ಕೌನ್ಸಿಲ್, ಐಡಿಪಿ, ಕೇಂಬ್ರಿಡ್ಜ್ ಮೂವರೂ ಸೇರಿ. ಅವರೇ ಹೊರತಂದ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಸಮಯ ಇಟ್ಟು ಮಾಡಿ. ಅವು ಅಚ್ಚಾದ ಪುಸ್ತಕವಾಗಿ ಸಿಗುತ್ತವೆ, ಮಳೆಗಾಲಕ್ಕೆ ಒಂದು ತಂದಿಟ್ಟುಕೊಳ್ಳಿ.

ಆ ಪತ್ರಿಕೆಗಳನ್ನು ದಿನಕ್ಕೊಂದರಂತೆ ಮುಗಿಸಬೇಡಿ. ಒಂದು ಪತ್ರಿಕೆ ಮಾಡಲು ಒಂದು ಗಂಟೆ ಆದರೆ ಅದನ್ನು ಬಿಡಿಸಿ ನೋಡಲು ಎರಡು ಗಂಟೆ ಬೇಕು. ತಪ್ಪಾದ ಪ್ರತಿ ಮ್ಯಾಚಿಂಗ್ ಉತ್ತರದ ಮುಂದೆ, ಆ ತಪ್ಪು ಉತ್ತರವನ್ನು ಯಾಕೆ ಆರಿಸಿದೆ ಅಂತ ಒಂದು ಸಾಲು ಬರೆಯಿರಿ. ಸರಿಯುತ್ತರ ಯಾಕೆ ಸರಿ ಅಂತ ಎಲ್ಲರೂ ಬರೆಯುತ್ತಾರೆ, ಅದು ಸಾಲದು. "ಎರಡೂ ಕಡೆ ಅದೇ ಪದ ಇತ್ತು", "ಮೊದಲ ವಾಕ್ಯ ಮಾತ್ರ ಓದಿದೆ", "ಆದರೆ ಅಂತ ಬಂದಿದ್ದು ನೋಡಲಿಲ್ಲ". ಕೆಲವು ಪತ್ರಿಕೆ ಆದ ಮೇಲೆ ಆ ಸಾಲುಗಳನ್ನು ಒಟ್ಟಿಗೆ ಓದಿ. ಜಾಸ್ತಿ ಮಂದಿಗೆ ಒಂದೋ ಎರಡೋ ಕಾರಣವೇ ಮತ್ತೆ ಮತ್ತೆ ಬಂದಿರುತ್ತದೆ. ಅದು ಗೊತ್ತಾದರೆ ಯಾವುದನ್ನು ತಿದ್ದಬೇಕು ಅಂತ ನಾನು ಹೇಳಬೇಕಾಗಿಲ್ಲ.

ಸುಂಟಿಕೊಪ್ಪ_ಓದುಗ

ನೆಟ್ ಇಲ್ಲದ ದಿನಕ್ಕೆ ನನ್ನದೊಂದು. ಇಂಗ್ಲಿಷ್ ಪೇಪರಿನ ಭಾನುವಾರದ ಉದ್ದ ಲೇಖನ ತೆಗೆದುಕೊಳ್ಳಿ. ಒಳಗೆ ಉಪಶೀರ್ಷಿಕೆ ಇರುವಂಥದ್ದು. ಮನೆಯಲ್ಲಿ ಯಾರಿಗಾದರೂ ಹೇಳಿ ಆ ಉಪಶೀರ್ಷಿಕೆಗಳನ್ನು ಕತ್ತರಿಸಿಸಿ, ಕಲಸಿಟ್ಟುಕೊಳ್ಳಿ. ಓದಿ ಮತ್ತೆ ಜೋಡಿಸಿ. ಪೇಪರ್ ನೀವು ಮೊದಲೇ ನೋಡಿರಬಾರದು ಅಷ್ಟೇ. ತಪ್ಪು ಹೆಡಿಂಗ್ ಬೇಕಿದ್ದರೆ ಬೇರೆ ಲೇಖನದ್ದು ಎರಡು ಸೇರಿಸಿ. ನಮ್ಮ ಮನೆಯಲ್ಲಿ ಏಳನೇ ಕ್ಲಾಸಿನ ಮಗಳೇ ಕತ್ತರಿಸಿ ಕೊಡುತ್ತಿದ್ದಳು, ಅವಳ ಇಂಗ್ಲಿಷೂ ಸುಧಾರಿಸಿತು.

ಗೋಣಿಕೊಪ್ಪ_ಹುಡುಗ

ಮೇಷ್ಟ್ರು ಹೇಳಿದ ಹಾಗೆ ಒಂದು ಪತ್ರಿಕೆ ಮಾಡಿ ನೋಡಿದೆ. ಪ್ಯಾರಾ ಓದಿ ನನ್ನದೇ ಹೆಡಿಂಗ್, ಆಮೇಲೆ ಪಟ್ಟಿ. ಹೆಡಿಂಗ್‌ನಲ್ಲಿ ಒಂದೇ ಒಂದು ತಪ್ಪಾಯಿತು. ಟೈಮ್ ಸ್ವಲ್ಪ ಜಾಸ್ತಿ ಹಿಡಿಯಿತು, ಆದರೆ ಸುಂಟಿಕೊಪ್ಪದ ಅಣ್ಣ ಹೇಳಿದ್ದು ಸರಿ, ಅದೇ ಪಾಠದ ಉಳಿದ ಪ್ರಶ್ನೆಗಳು ಸಲೀಸಾಗಿ ಹೋದವು.

ಒಂದು ಕಡೆ ಮಾತ್ರ ನಾನು ನನ್ನ ರೀತಿ ಬಿಡುವುದಿಲ್ಲ ಸರ್. ನಾನು ಬರೆಯುವುದು ಕಂಪ್ಯೂಟರ್‌ನಲ್ಲಿ. ಅಲ್ಲಿ ಹೆಡಿಂಗ್ ಪಟ್ಟಿ ಪಕ್ಕದಲ್ಲಿರುತ್ತದೆ, ಅದನ್ನು ಎಳೆದು ತಂದು ಪ್ಯಾರಾದ ತಲೆಯ ಮೇಲೆ ಬಿಡಬೇಕು. ಪಟ್ಟಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಹಾಗಾಗಿ ಪಟ್ಟಿಯನ್ನು ಒಮ್ಮೆ ಬೇಗ ಓದಿಬಿಡುತ್ತೇನೆ, ಒಂದೇ ಥರ ಕಾಣುವ ಜೋಡಿ ಯಾವುದು ಅಂತ ಗುರುತಿಸಲು ಮಾತ್ರ. ಪದ ಹುಡುಕುವುದಿಲ್ಲ.

ಮಡಿಕೇರಿ_ಮೇಷ್ಟ್ರು

ಅದು ಒಳ್ಳೆಯ ದಾರಿ ತಮ್ಮ, ನನಗೂ ಒಪ್ಪಿಗೆ. ಜೋಡಿ ಹೆಡಿಂಗ್‌ಗಳ ನಡುವೆ ವ್ಯತ್ಯಾಸ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಪ್ಯಾರಾ ಓದುವಾಗ ಕಣ್ಣು ಅಲ್ಲೇ ನಿಲ್ಲುತ್ತದೆ. ಕಂಪ್ಯೂಟರ್‌ನಲ್ಲಿ ಬರೆಯುವವರು ಹೈಲೈಟ್ ಮಾಡುವುದನ್ನೂ ನೋಟ್ ಬರೆಯುವುದನ್ನೂ ಮನೆಯಲ್ಲೇ ಕಲಿತು ಹೋಗಿ. ಕಾಗದದ ಪುಸ್ತಕದಲ್ಲಷ್ಟೇ ಅಭ್ಯಾಸ ಮಾಡಿ ಅಲ್ಲಿ ಹೋಗಿ ಕೂತರೆ ಪರದೆಯನ್ನು ಮೇಲೆ ಕೆಳಗೆ ಎಳೆಯುವುದರಲ್ಲೇ ಸಮಯ ಹೋಗುತ್ತದೆ.

ವಿರಾಜಪೇಟೆ_ನರ್ಸ್

ಮೇಷ್ಟ್ರೇ, ಇವತ್ತು ಮಾಡಿದ ಪಾಠದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಪಾಠ ಜೇನುನೊಣದ ಬಗ್ಗೆ. ಒಂದು ಪ್ಯಾರಾದಲ್ಲಿ ಜೇನುನೊಣ ಕಡಿಮೆಯಾಗಲು ಕಾರಣಗಳು ಬರುತ್ತವೆ. ಕೀಟನಾಶಕ, ರೋಗ, ಕಾಡು ಹೋಗಿದ್ದು. ಕೊನೆಯಲ್ಲಿ, ಇವುಗಳಲ್ಲಿ ಒಂದನ್ನೇ ದೂರಲು ಆಗುವುದಿಲ್ಲ, ಎಲ್ಲ ಸೇರಿ ಹೀಗಾಗಿದೆ ಅಂತ ಇದೆ. ನಾನು ಕೊಟ್ಟ ಹೆಡಿಂಗ್ "ಜೇನುನೊಣ ಯಾಕೆ ಕಡಿಮೆ". ಪಟ್ಟಿಯಲ್ಲಿ ಎರಡು ಇದ್ದವು. ಒಂದು "ಕೀಟನಾಶಕದಿಂದಾಗುವ ಹಾನಿ", ಇನ್ನೊಂದು "ಹಲವು ಕಾರಣಗಳು ಸೇರಿ ಬಂದ ಸಮಸ್ಯೆ". ನಾನು ಎರಡನೆಯದನ್ನು ಹಾಕಿದೆ, ಅದೇ ಸರಿ ಇತ್ತು. ಆದರೆ ಕೀಟನಾಶಕದ ಬಗ್ಗೆ ಐದಾರು ಸಾಲು ಇದ್ದವು, ಉಳಿದದ್ದಕ್ಕೆ ಒಂದೊಂದೇ ಸಾಲು. ಸಾಲು ಜಾಸ್ತಿ ಇರುವುದು ಮುಖ್ಯ ಅಲ್ವಾ ಅಂತ ತುಂಬಾ ಹೊತ್ತು ಯೋಚಿಸಿದೆ. ಇಂಥ ಕಡೆ ಬೇಗ ತೀರ್ಮಾನ ಮಾಡುವುದು ಹೇಗೆ?

ಮಡಿಕೇರಿ_ಮೇಷ್ಟ್ರು

ಸರಿಯಾಗಿ ಹಾಕಿದ್ದೀರಿ. ಬೇಗ ತೀರ್ಮಾನಕ್ಕೆ ಒಂದು ಪರೀಕ್ಷೆ ಇದೆ. ಅನುಮಾನ ಇರುವ ಹೆಡಿಂಗ್ ಹಿಡಿದು, ಪ್ಯಾರಾದ ಯಾವ ವಾಕ್ಯ ಇದರ ಹೊರಗೆ ಉಳಿಯುತ್ತದೆ ಅಂತ ಕೇಳಿಕೊಳ್ಳಿ. ಕೀಟನಾಶಕ ಅಂತ ಹಾಕಿದರೆ ರೋಗದ ಸಾಲು, ಕಾಡಿನ ಸಾಲು, ಕೊನೆಯ ಸಾಲು ಮೂರೂ ಹೊರಗೆ. ಇನ್ನೊಂದನ್ನು ಹಾಕಿದರೆ ಯಾವುದೂ ಹೊರಗಿಲ್ಲ, ಕೀಟನಾಶಕದ ಐದಾರು ಸಾಲೂ ಅದರೊಳಗೇ. ಸಾಲುಗಳ ಲೆಕ್ಕಕ್ಕೆ ಹೋಗಬೇಡಿ.

ಅಷ್ಟಾದರೂ ಬಗೆಹರಿಯದಿದ್ದರೆ ಎರಡೂ ಹೆಡಿಂಗ್ ಬದಿಯಲ್ಲಿ ಬರೆದಿಟ್ಟು ಮುಂದೆ ಹೋಗಿ. ಬೇರೆ ಪ್ಯಾರಾಕ್ಕೆ ಅವುಗಳಲ್ಲಿ ಒಂದು ಖಚಿತವಾಗಿ ಹೋದರೆ ಇಲ್ಲಿಯದು ತಾನೇ ತೀರುತ್ತದೆ. ಒಂದು ಪ್ಯಾರಾಕ್ಕೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಹೆಡಿಂಗ್‌ನಲ್ಲಿ ಒಂದು ತಪ್ಪಾದರೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ, ಆದ್ದರಿಂದ ಖಚಿತ ಇರುವುದನ್ನು ಮೊದಲು ತುಂಬಿ.

ಕುಶಾಲನಗರ_ತಾಯಿ

ನನ್ನ ಮಗ ಕೇಳಿ ಅಂದ. ಉತ್ತರ ಗೊತ್ತಿಲ್ಲದಿದ್ದರೆ ಖಾಲಿ ಬಿಡಬೇಕಾ? ಹೆಡಿಂಗ್‌ನಲ್ಲಿ ಹೆಡಿಂಗ್ ಪೂರ್ತಿ ಬರೆಯಬೇಕಾ, ನಂಬರ್ ಸಾಕಾ?

ಸುಂಟಿಕೊಪ್ಪ_ಓದುಗ

ಖಾಲಿ ಬಿಡಲೇಬಾರದು ಅಕ್ಕ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕಾಗದದ ಪರೀಕ್ಷೆಯಲ್ಲಿ ಹೆಡಿಂಗ್‌ಗೆ ಪಟ್ಟಿಯಲ್ಲಿರುವ ರೋಮನ್ ಅಂಕಿ ಮಾತ್ರ ಬರೆಯಬೇಕು, ಬೇರೆ ಮ್ಯಾಚಿಂಗ್‌ಗೆ ಅಕ್ಷರ ಮಾತ್ರ. ನಾಲ್ಕು ಮತ್ತು ಆರರ ರೋಮನ್ ಅಂಕಿ ಅವಸರದಲ್ಲಿ ಅದಲು ಬದಲಾಗುತ್ತವೆ, ಬರೆದ ಮೇಲೆ ಒಮ್ಮೆ ನೋಡಲಿ. ಕಾಗದದ ಮೇಲೆ ಬರೆಯುವುದಾದರೆ ಉತ್ತರವನ್ನು ನೇರ ಉತ್ತರಪತ್ರಿಕೆಯಲ್ಲೇ ಬರೆಯಲಿ. ಕಾಗದದ ಲಿಸನಿಂಗ್‌ನಲ್ಲಿ ಉತ್ತರ ಇಳಿಸಲು 10 ನಿಮಿಷ ಕೊಡುತ್ತಾರೆ, ರೀಡಿಂಗ್‌ನಲ್ಲಿ ಕೊಡುವುದಿಲ್ಲ.

ನಾಪೋಕ್ಲು_ಸಿಸ್ಟರ್

ವಿರಾಜಪೇಟೆ ಸಿಸ್ಟರ್, ನನ್ನ ಹತ್ತಿರ ಓಇಟಿ ಎ ಭಾಗದ ಮಾದರಿ ಪತ್ರಿಕೆಗಳು ಪ್ರಿಂಟ್ ಮಾಡಿಸಿದ್ದು ಇವೆ. ಈ ವಾರ ನಿಮ್ಮ ಕಡೆ ಬರುವವಳಿದ್ದೇನೆ. ಬೇಕಾದರೆ ಮೆಸೇಜ್ ಮಾಡಿ, ತಂದುಕೊಡುತ್ತೇನೆ. ಟೈಮರ್ ಇಟ್ಟುಕೊಂಡೇ ಮಾಡಿ, 15 ನಿಮಿಷಕ್ಕೆ ಪೆನ್ ಕೆಳಗಿಡಿ.